ಲ್ಯಾಕ್ ಒಪೆರಾನ್

ಲ್ಯಾಕ್ ಒಪೆರಾನ್ ಎಂಬುದು ಇ. ಕೋಲಿ ಬ್ಯಾಕ್ಟೀರಿಯಾದ ಡಿಎನ್‌ಎಯಲ್ಲಿ ಸಾಲಾಗಿ ಇರುವ ಮೂರು ವಂಶವಾಹಿಗಳು ಹಾಗೂ ಅವುಗಳನ್ನು ಒಟ್ಟಾಗಿ ಚಾಲನೆಗೊಳಿಸುವ ಅಥವಾ ತಡೆಹಿಡಿಯುವ ನಿಯಂತ್ರಣ ತಾಣಗಳ ಸಮೂಹ. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಜೀವಕೋಶದೊಳಕ್ಕೆ ತಂದು ಒಡೆಯಲು ಬೇಕಾದ ಪ್ರೋಟೀನುಗಳ ಮಾಹಿತಿ ಈ ವಂಶವಾಹಿಗಳಲ್ಲಿ ಅಡಗಿದೆ. ಲ್ಯಾಕ್ಟೋಸ್ ಇಲ್ಲದಾಗ ಇವು ಬಹುಮಟ್ಟಿಗೆ ಮುಚ್ಚಿಕೊಂಡಿರುತ್ತವೆ. ಲ್ಯಾಕ್ಟೋಸ್ ದೊರೆತು, ಅದಕ್ಕಿಂತ ಸುಲಭದ ಆಹಾರವಾದ ಗ್ಲೂಕೋಸ್ ಇಲ್ಲದಿದ್ದಾಗ ಮಾತ್ರ ಪೂರ್ಣವಾಗಿ ತೆರೆದುಕೊಳ್ಳುತ್ತವೆ. ಈ ತೆರೆಯುವ ಮತ್ತು ಮುಚ್ಚುವ ಕೆಲಸವನ್ನು ಮುಖ್ಯವಾಗಿ ಎರಡು ಪ್ರೋಟೀನುಗಳು ನಡೆಸುತ್ತವೆ: ಒಂದು ತಡೆಯೊಡ್ಡುವ ದಮನಕ, ಇನ್ನೊಂದು ಉತ್ತೇಜಕ. ಪ್ಯಾರಿಸಿನ ಪಾಶ್ಚರ್ ಸಂಸ್ಥೆಯ ಫ್ರಾಂಸ್ವಾ ಜಾಕೋಬ್ ಮತ್ತು ಜಾಕ್ ಮೊನೊ 1961ರಲ್ಲಿ ಇದರ ವಿವರವಾದ ಸಿದ್ಧಾಂತವನ್ನು ಪ್ರಕಟಿಸಿದರು. ವಂಶವಾಹಿಗಳ ನಿಯಂತ್ರಣವನ್ನು ಕುರಿತ ಇಂದಿನ ತಿಳಿವಳಿಕೆ ಬಹುಮಟ್ಟಿಗೆ ಇಲ್ಲಿಂದಲೇ ಬೆಳೆದಿದೆ.

ಹಿನ್ನೆಲೆ

ಇ. ಕೋಲಿ ಮನುಷ್ಯನ ಹಾಗೂ ಇತರ ಬಿಸಿರಕ್ತದ ಪ್ರಾಣಿಗಳ ಕರುಳಿನಲ್ಲಿ ವಾಸಿಸುವ ಬ್ಯಾಕ್ಟೀರಿಯಾ. ಮಕ್ಕಳ ವೈದ್ಯನಾಗಿದ್ದ ಥಿಯೊಡೋರ್ ಎಶರಿಕ್ 1885ರಲ್ಲಿ ಇದನ್ನು ಶಿಶುಗಳ ಮಲದಲ್ಲಿ ಗುರುತಿಸಿದನು. ಪ್ರಯೋಗಾಲಯಗಳಲ್ಲಿ ಬಳಸುವ ಕೆ-12 ತಳಿಯ ಡಿಎನ್‌ಎಯಲ್ಲಿ ಸುಮಾರು 46 ಲಕ್ಷ ಪ್ರತ್ಯಾಮ್ಲ ಜೋಡಿಗಳೂ 4,300ರಷ್ಟು ವಂಶವಾಹಿಗಳೂ ಇವೆ. ಇವೆಲ್ಲವೂ ಏಕಕಾಲದಲ್ಲಿ ಬೇಕಾಗುವುದಿಲ್ಲ. ಒಂದು ಪ್ರೋಟೀನನ್ನು ಕಟ್ಟಲು ಅಮೈನೋ ಆಮ್ಲಗಳೂ ಶಕ್ತಿಯೂ ವೆಚ್ಚವಾಗುತ್ತವೆ. ಅನುಕೂಲ ಪರಿಸರದಲ್ಲಿ ಇಪ್ಪತ್ತು ನಿಮಿಷಕ್ಕೊಮ್ಮೆ ಇಬ್ಭಾಗವಾಗಬಲ್ಲ ಜೀವಿಗೆ ಅನಗತ್ಯವಾದ ವೆಚ್ಚವೆಂದರೆ ಬೆಳವಣಿಗೆಯಲ್ಲಿ ಹಿಂದೆ ಬೀಳುವುದೆಂದೇ ಅರ್ಥ. ಲ್ಯಾಕ್ಟೋಸ್ ಇಲ್ಲದ ಕಡೆಯಲ್ಲೂ ಲ್ಯಾಕ್ ವಂಶವಾಹಿಗಳನ್ನು ಸದಾ ತೆರೆದಿಟ್ಟುಕೊಂಡ ತಳಿಯನ್ನು ಸಾಮಾನ್ಯ ತಳಿಯೊಡನೆ ಬೆಳೆಸಿದರೆ, ಕೆಲವು ಪೀಳಿಗೆಗಳಲ್ಲಿ ಸಾಮಾನ್ಯ ತಳಿಯೇ ಮೇಲುಗೈ ಪಡೆಯುತ್ತದೆ.

ಹಾಲು ಕುಡಿದ ಶಿಶುವಿನ ಕರುಳಿನಲ್ಲಿ ಲ್ಯಾಕ್ಟೋಸ್ ದೊರೆಯುತ್ತದೆ. ಲ್ಯಾಕ್ಟೋಸ್ ಜೀರ್ಣವಾಗದ ವಯಸ್ಕರಲ್ಲಿ ಅದು ದೊಡ್ಡ ಕರುಳಿನವರೆಗೂ ತಲುಪುತ್ತದೆ. ಉಳಿದ ಸಂದರ್ಭಗಳಲ್ಲಿ ಅದು ಅಪರೂಪ. ಹೀಗೆ ಬಂದು ಹೋಗುವ ಆಹಾರಕ್ಕೆ ಬಂದಾಗ ಮಾತ್ರ ಎಲೆ ಹಾಕುವ ವ್ಯವಸ್ಥೆ ಲ್ಯಾಕ್ ಒಪೆರಾನ್.

ರಚನೆ

ಒಪೆರಾನಿನ ಮೂರು ವಂಶವಾಹಿಗಳಿಗೆ ಲ್ಯಾಕ್-ಝಡ್, ಲ್ಯಾಕ್-ವೈ ಮತ್ತು ಲ್ಯಾಕ್-ಎ ಎಂದು ಹೆಸರು. ಲ್ಯಾಕ್-ಝಡ್ ಬೀಟಾ-ಗ್ಯಾಲಕ್ಟೊಸೈಡೇಸ್ ಎಂಬ ಕಿಣ್ವದ ವಂಶವಾಹಿ. ಈ ಕಿಣ್ವವು ಲ್ಯಾಕ್ಟೋಸನ್ನು ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಆಗಿ ಒಡೆಯುತ್ತದೆ. ಲ್ಯಾಕ್-ವೈ ನೀಡುವ ಪರ್ಮಿಯೇಸ್ ಎಂಬ ಪ್ರೋಟೀನು ಕೋಶಪೊರೆಯಲ್ಲಿ ಕುಳಿತು ಲ್ಯಾಕ್ಟೋಸನ್ನು ಒಳಗೆ ಸೆಳೆಯುತ್ತದೆ. ಲ್ಯಾಕ್-ಎ ಟ್ರಾನ್ಸ್‌ಅಸಿಟೈಲೇಸ್ ಎಂಬ ಕಿಣ್ವವನ್ನು ನೀಡುತ್ತದೆ. ಲ್ಯಾಕ್ಟೋಸನ್ನು ಬಳಸಿ ಬೆಳೆಯಲು ಇದು ಅನಿವಾರ್ಯವಲ್ಲ.

ಈ ಮೂರನ್ನೂ ಸೇರಿಸಿ ಒಂದೇ ಉದ್ದನೆಯ ಸಂದೇಶವಾಹಕ ಆರ್‌ಎನ್‌ಎ ತಯಾರಾಗುತ್ತದೆ. ಡಿಎನ್‌ಎಯಲ್ಲಿರುವ ಮಾಹಿತಿಯನ್ನು ಆರ್‌ಎನ್‌ಎಗೆ ನಕಲಿಳಿಸುವ ಈ ಕ್ರಿಯೆಯನ್ನು ಪ್ರತಿಲೇಖನವೆನ್ನುತ್ತಾರೆ. ಆರ್‌ಎನ್‌ಎ ಪಾಲಿಮರೇಸ್ ಎಂಬ ಕಿಣ್ವ ಇದನ್ನು ಮಾಡುತ್ತದೆ. ಅದು ಬಂದು ಹಿಡಿದುಕೊಳ್ಳುವ ಡಿಎನ್‌ಎ ಭಾಗವೇ ಪ್ರಮೋಟರ್. ಪ್ರಮೋಟರಿಗೆ ತಾಗಿಕೊಂಡು, ಪ್ರತಿಲೇಖನ ಆರಂಭವಾಗುವ ಬಿಂದುವನ್ನೂ ಒಳಗೊಂಡು, ಆಪರೇಟರ್ ಎಂಬ ಚಿಕ್ಕ ತಾಣವಿದೆ. ಪ್ರಮೋಟರಿನ ಇನ್ನೊಂದು ಬದಿಗೆ ಉತ್ತೇಜಕ ಪ್ರೋಟೀನು ಕೂರುವ ತಾಣವಿದೆ. ಪ್ರಮೋಟರ್ ಮತ್ತು ಆಪರೇಟರುಗಳು ಯಾವ ಪ್ರೋಟೀನನ್ನೂ ತಯಾರಿಸುವುದಿಲ್ಲ. ಅವು ಕೇವಲ ಗುರುತಿನ ಜಾಗಗಳು. ವಿದ್ಯಾರ್ಥಿಗಳು ಸಾಮಾನ್ಯವಾಗಿ ಎಡವುವುದು ಇಲ್ಲಿಯೇ. ದಮನಕ ಪ್ರೋಟೀನಿಗೆ ತನ್ನದೇ ಆದ ವಂಶವಾಹಿ ಇದೆ. ಅದರ ಹೆಸರು ಲ್ಯಾಕ್-ಐ. ಅದು ಒಪೆರಾನಿನ ಪಕ್ಕದಲ್ಲೇ ಇದ್ದರೂ ಅದರ ಭಾಗವಲ್ಲ. ಅದಕ್ಕೆ ಬೇರೆಯೇ ಪ್ರಮೋಟರ್ ಇದೆ.

ದಮನಕ ಪ್ರೋಟೀನು

ದಮನಕವು ಒಂದೇ ಬಗೆಯ ನಾಲ್ಕು ಸರಪಣಿಗಳು ಸೇರಿ ಆದ ಪ್ರೋಟೀನು. ಪ್ರತಿಯೊಂದು ಸರಪಣಿಯಲ್ಲೂ 360 ಅಮೈನೋ ಆಮ್ಲಗಳಿವೆ. ಒಂದು ಜೀವಕೋಶದಲ್ಲಿ ಇಂತಹ ಹತ್ತರಷ್ಟು ಅಣುಗಳು ಮಾತ್ರ ಇರುತ್ತವೆ. ಅಷ್ಟು ಕಡಿಮೆ ಸಂಖ್ಯೆಯಲ್ಲಿದ್ದೂ ಇವು 46 ಲಕ್ಷ ಜೋಡಿಗಳ ನಡುವೆ ತಮ್ಮ ಆಪರೇಟರನ್ನು ಹುಡುಕಿ ಹಿಡಿಯಬೇಕು. ಡಿಎನ್‌ಎ ಎಳೆಗೆ ಸಡಿಲವಾಗಿ ಅಂಟಿಕೊಂಡು ಅದರ ಮೇಲೆ ಜಾರುತ್ತ ಸಾಗುವುದರಿಂದ ಈ ಹುಡುಕಾಟ ಶೀಘ್ರವಾಗಿ ಮುಗಿಯುತ್ತದೆ.

ಲ್ಯಾಕ್ಟೋಸ್ ಇಲ್ಲದಾಗ ದಮನಕವು ಆಪರೇಟರನ್ನು ಬಿಗಿಯಾಗಿ ಹಿಡಿದಿರುತ್ತದೆ. ಆಗ ಪಾಲಿಮರೇಸಿಗೆ ದಾರಿಯಿಲ್ಲ. ಮುಖ್ಯ ಆಪರೇಟರ್ ಅಲ್ಲದೆ ಇನ್ನೆರಡು ಸಹಾಯಕ ಆಪರೇಟರುಗಳಿವೆ: ಒಂದು ಲ್ಯಾಕ್-ಝಡ್ ವಂಶವಾಹಿಯ ಒಳಗೇ, ಇನ್ನೊಂದು ಪ್ರಮೋಟರಿನ ಹಿಂಬದಿಗೆ. ದಮನಕದ ನಾಲ್ಕು ಸರಪಣಿಗಳು ಎರಡೆರಡಾಗಿ ಸೇರಿ ಎರಡು ಕೈಗಳಂತೆ ಇರುವುದರಿಂದ, ಒಂದು ಅಣು ಏಕಕಾಲಕ್ಕೆ ಎರಡು ಆಪರೇಟರುಗಳನ್ನು ಹಿಡಿದು ನಡುವಿನ ಡಿಎನ್‌ಎಯನ್ನು ಕುಣಿಕೆಯಾಗಿ ಬಾಗಿಸುತ್ತದೆ. ಸಹಾಯಕ ಆಪರೇಟರುಗಳೆರಡನ್ನೂ ಕೆಡಿಸಿದರೆ, ಮುಖ್ಯ ಆಪರೇಟರ್ ಸರಿಯಾಗಿದ್ದರೂ ತಡೆ ಬಹಳ ಸಡಿಲವಾಗುತ್ತದೆ.

ಪ್ರೇರಕ ಅಣು ಬಂದು ದಮನಕಕ್ಕೆ ಅಂಟಿಕೊಂಡಾಗ ಪ್ರೋಟೀನಿನ ಆಕಾರ ಸ್ವಲ್ಪ ಬದಲಾಗುತ್ತದೆ, ಡಿಎನ್‌ಎಯ ಮೇಲಿನ ಹಿಡಿತ ಸಡಿಲಗೊಳ್ಳುತ್ತದೆ. ಪ್ರೇರಕವು ಕೂರುವ ಜಾಗವೂ ಡಿಎನ್‌ಎಯನ್ನು ಹಿಡಿಯುವ ಜಾಗವೂ ಪ್ರೋಟೀನಿನಲ್ಲಿ ಬೇರೆ ಬೇರೆ. ಒಂದು ತುದಿಯಲ್ಲಿ ತಾಗಿದ ಅಣು ಇನ್ನೊಂದು ತುದಿಯ ನಡವಳಿಕೆಯನ್ನು ಬದಲಿಸುವ ಈ ಗುಣಕ್ಕೆ ಅಲೊಸ್ಟೆರಿ ಎಂದು ಹೆಸರು. ಸಕ್ಕರೆಗೂ ಡಿಎನ್‌ಎಗೂ ರಾಸಾಯನಿಕವಾಗಿ ಯಾವ ಹೋಲಿಕೆಯೂ ಇಲ್ಲ. ಆದರೂ ಸಕ್ಕರೆಯ ಸುದ್ದಿ ವಂಶವಾಹಿಗೆ ತಲುಪುವುದು ಎರಡನ್ನೂ ಬಲ್ಲ ಈ ಮಧ್ಯಸ್ಥನ ಮೂಲಕ.

ಪ್ರೇರಕ ದೊರೆತ ಕೆಲವೇ ನಿಮಿಷಗಳಲ್ಲಿ ಕಿಣ್ವದ ತಯಾರಿ ಶುರುವಾಗುತ್ತದೆ. ಒಂದಂಕಿಯಲ್ಲಿದ್ದ ಬೀಟಾ-ಗ್ಯಾಲಕ್ಟೊಸೈಡೇಸ್ ಅಣುಗಳ ಸಂಖ್ಯೆ ಕೆಲವು ಸಾವಿರಕ್ಕೆ ಏರುತ್ತದೆ. ಪ್ರೇರಕ ಮುಗಿದೊಡನೆ ದಮನಕ ಹಿಂತಿರುಗಿ ಆಪರೇಟರನ್ನು ಹಿಡಿಯುತ್ತದೆ. ಸಂದೇಶವಾಹಕ ಆರ್‌ಎನ್‌ಎಯ ಆಯುಷ್ಯ ಕೆಲವೇ ನಿಮಿಷಗಳಾದ್ದರಿಂದ ತಯಾರಿಯೂ ಅಷ್ಟೇ ಬೇಗ ನಿಲ್ಲುತ್ತದೆ.

ಪ್ರೇರಕ ಯಾವುದು?

ಲ್ಯಾಕ್ಟೋಸೇ ದಮನಕವನ್ನು ಕಿತ್ತುಹಾಕುತ್ತದೆ ಎಂದು ಹಲವು ಪಠ್ಯಗಳಲ್ಲಿ ಸರಳವಾಗಿ ಬರೆದಿರುತ್ತಾರೆ. ಇದು ನಿಖರವಲ್ಲ. ಸಹಜವಾದ ಪ್ರೇರಕ ಅಲೊಲ್ಯಾಕ್ಟೋಸ್. ಇದರಲ್ಲಿಯೂ ಲ್ಯಾಕ್ಟೋಸಿನಲ್ಲಿರುವ ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್‌ಗಳೇ ಇವೆ, ಆದರೆ ಅವು ಬೆಸೆದುಕೊಂಡಿರುವ ಜಾಗ ಬೇರೆ. ಲ್ಯಾಕ್ಟೋಸನ್ನು ಅಲೊಲ್ಯಾಕ್ಟೋಸ್ ಆಗಿ ಮಾರ್ಪಡಿಸುವುದು ಬೀಟಾ-ಗ್ಯಾಲಕ್ಟೊಸೈಡೇಸ್ ಕಿಣ್ವವೇ.

ಇಲ್ಲೊಂದು ಒಗಟಿದೆ. ಒಪೆರಾನ್ ತೆರೆಯಲು ಅಲೊಲ್ಯಾಕ್ಟೋಸ್ ಬೇಕು, ಅಲೊಲ್ಯಾಕ್ಟೋಸ್ ಆಗಲು ಕಿಣ್ವ ಬೇಕು, ಲ್ಯಾಕ್ಟೋಸ್ ಒಳಗೆ ಬರಲು ಪರ್ಮಿಯೇಸ್ ಬೇಕು. ಇವೆರಡೂ ಒಪೆರಾನ್ ತೆರೆದ ಮೇಲೆ ಬರಬೇಕಾದವು. ಉತ್ತರವೇನೆಂದರೆ ಒಪೆರಾನ್ ಎಂದೂ ಸಂಪೂರ್ಣವಾಗಿ ಮುಚ್ಚಿರುವುದಿಲ್ಲ. ದಮನಕವು ಆಗಾಗ ಕ್ಷಣಕಾಲ ಆಪರೇಟರನ್ನು ಬಿಡುತ್ತದೆ. ಆ ಅವಧಿಯಲ್ಲಿ ಒಂದೆರಡು ಸಂದೇಶಗಳು ನಕಲಾಗಿ ಕೆಲವು ಅಣುಗಳು ತಯಾರಾಗುತ್ತವೆ. ಮೊದಲ ಲ್ಯಾಕ್ಟೋಸನ್ನು ಬರಮಾಡಿಕೊಳ್ಳಲು ಅಷ್ಟು ಸಾಕು. ಈ ಸೋರಿಕೆ ಇಲ್ಲದಿದ್ದರೆ ಲ್ಯಾಕ್ಟೋಸಿನ ಬರವು ಕೋಶಕ್ಕೆ ತಿಳಿಯುವ ದಾರಿಯೇ ಇರುತ್ತಿರಲಿಲ್ಲ.

ಪರ್ಮಿಯೇಸ್ ಹೆಚ್ಚಿದಷ್ಟೂ ಪ್ರೇರಕ ಹೆಚ್ಚು ಒಳಬರುತ್ತದೆ, ಪ್ರೇರಕ ಹೆಚ್ಚಿದಷ್ಟೂ ಪರ್ಮಿಯೇಸ್ ಹೆಚ್ಚುತ್ತದೆ. ಇದರ ಪರಿಣಾಮವನ್ನು ಆರನ್ ನೊವಿಕ್ ಮತ್ತು ಮಿಲ್ಟನ್ ವೈನರ್ 1957ರಲ್ಲಿ ತೋರಿಸಿದರು. ಕಿಣ್ವದಿಂದ ಒಡೆಯಲಾಗದ ಪ್ರೇರಕವೊಂದನ್ನು ಅಲ್ಪ ಪ್ರಮಾಣದಲ್ಲಿ ಕೊಟ್ಟಾಗ ಎಲ್ಲ ಕೋಶಗಳೂ ಅರೆಬರೆ ತೆರೆದುಕೊಳ್ಳಲಿಲ್ಲ. ಕೆಲವು ಪೂರ್ಣ ತೆರೆದವು, ಉಳಿದವು ಮುಚ್ಚಿಯೇ ಉಳಿದವು. ತೆರೆದ ಕೋಶದ ಸಂತತಿಯೂ ಅದೇ ಸ್ಥಿತಿಯನ್ನು ಮುಂದುವರಿಸಿತು. ಡಿಎನ್‌ಎ ಒಂದೇ, ಪರಿಸರ ಒಂದೇ; ಆದರೂ ನಡವಳಿಕೆ ಎರಡು.

ಗ್ಲೂಕೋಸಿನ ಪ್ರಭಾವ

ದಮನಕ ಬಿಟ್ಟುಹೋದರೂ ಲ್ಯಾಕ್ ಪ್ರಮೋಟರ್ ತಾನಾಗಿ ಪಾಲಿಮರೇಸನ್ನು ಚೆನ್ನಾಗಿ ಹಿಡಿಯಲಾರದು. ಅದಕ್ಕೆ ಸಿಎಪಿ ಎಂಬ ಉತ್ತೇಜಕ ಪ್ರೋಟೀನಿನ ನೆರವು ಬೇಕು. ಇದಕ್ಕೆ ಸಿಆರ್‌ಪಿ ಎಂಬ ಹೆಸರೂ ಬಳಕೆಯಲ್ಲಿದೆ. ಸೈಕ್ಲಿಕ್ ಎಎಂಪಿ ಎಂಬ ಚಿಕ್ಕ ಅಣು ಕೂಡಿಕೊಂಡಾಗ ಮಾತ್ರ ಸಿಎಪಿ ಡಿಎನ್‌ಎಯ ಮೇಲೆ ತನ್ನ ಜಾಗದಲ್ಲಿ ಕೂರುತ್ತದೆ, ಅಲ್ಲಿ ಡಿಎನ್‌ಎಯನ್ನು ಬಾಗಿಸುತ್ತದೆ, ಪಾಲಿಮರೇಸನ್ನು ಸ್ಪರ್ಶಿಸಿ ಪ್ರಮೋಟರಿನ ಮೇಲೆ ನಿಲ್ಲಿಸುತ್ತದೆ. ಇದರಿಂದ ಪ್ರತಿಲೇಖನ ಹತ್ತಾರು ಪಟ್ಟು ಹೆಚ್ಚುತ್ತದೆ. ಸೈಕ್ಲಿಕ್ ಎಎಂಪಿಯನ್ನು ಕಂಡುಹಿಡಿದ ಅರ್ಲ್ ಸದರ್ಲ್ಯಾಂಡ್ ತನ್ನ ಸಹೋದ್ಯೋಗಿಯೊಡನೆ 1965ರಲ್ಲಿ, ಗ್ಲೂಕೋಸ್ ಸಿಕ್ಕಾಗ ಇ. ಕೋಲಿಯಲ್ಲಿ ಈ ಅಣುವಿನ ಪ್ರಮಾಣ ಇಳಿಯುತ್ತದೆಂದು ವರದಿ ಮಾಡಿದನು.

ಗ್ಲೂಕೋಸ್ ಇದ್ದಾಗ ಸೈಕ್ಲಿಕ್ ಎಎಂಪಿ ಕಡಿಮೆ, ಆದ್ದರಿಂದ ಉತ್ತೇಜನವಿಲ್ಲ ಎಂಬ ವಿವರಣೆಯನ್ನೇ ಬಹುಕಾಲ ಸಾಕೆಂದು ಭಾವಿಸಲಾಗಿತ್ತು. ಅದು ಅರ್ಧ ಕಥೆ. ಗ್ಲೂಕೋಸನ್ನು ಒಳಗೆ ಸಾಗಿಸುವ ವ್ಯವಸ್ಥೆಯ ಪ್ರೋಟೀನೊಂದು, ಆ ಸಾಗಾಣಿಕೆ ನಡೆಯುತ್ತಿರುವಾಗ ಲ್ಯಾಕ್ ಪರ್ಮಿಯೇಸಿಗೆ ಅಂಟಿಕೊಂಡು ಅದನ್ನು ನಿಷ್ಕ್ರಿಯಗೊಳಿಸುತ್ತದೆ. ಲ್ಯಾಕ್ಟೋಸ್ ಹೊರಗೇ ಉಳಿಯುತ್ತದೆ, ಪ್ರೇರಕ ಉಂಟಾಗುವುದಿಲ್ಲ, ದಮನಕ ಸ್ಥಳ ಬಿಡುವುದಿಲ್ಲ. ಎರಡೂ ಸಕ್ಕರೆಗಳನ್ನು ಒಟ್ಟಿಗೆ ಕೊಟ್ಟಾಗ ಇ. ಕೋಲಿ ಗ್ಲೂಕೋಸನ್ನು ಮೊದಲು ಮುಗಿಸುವುದಕ್ಕೆ ಮುಖ್ಯ ಕಾರಣ ಈ ತಡೆಯೇ ಎಂದು 1990ರ ದಶಕದಲ್ಲಿ ಜಪಾನಿನ ಸಂಶೋಧಕರು ತೋರಿಸಿದರು.

ಸಂಶೋಧನೆಯ ಇತಿಹಾಸ

ಮೊನೊ 1941ರಲ್ಲಿ ಜರ್ಮನ್ ಆಕ್ರಮಿತ ಪ್ಯಾರಿಸಿನಲ್ಲಿ ಬ್ಯಾಕ್ಟೀರಿಯಾಗಳ ಬೆಳವಣಿಗೆಯ ಬಗ್ಗೆ ಡಾಕ್ಟರೇಟ್ ಪ್ರಬಂಧ ಸಲ್ಲಿಸಿದನು. ಎರಡು ಸಕ್ಕರೆಗಳ ಮಿಶ್ರಣದಲ್ಲಿ ಬೆಳೆದ ಬ್ಯಾಕ್ಟೀರಿಯಾಗಳ ರೇಖಾಚಿತ್ರದಲ್ಲಿ ಏರು, ನಡುವೆ ಒಂದು ಬಿಡುವು, ಮತ್ತೆ ಏರು ಕಂಡುಬಂದವು. ಇದಕ್ಕೆ ಅವನು ಇಮ್ಮಡಿ ಬೆಳವಣಿಗೆ ಎಂಬರ್ಥದ ಡಯಾಕ್ಸಿ ಎಂಬ ಹೆಸರಿಟ್ಟನು. ನಡುವಿನ ಬಿಡುವಿನಲ್ಲಿ ಹೊಸ ಕಿಣ್ವ ಸಿದ್ಧವಾಗುತ್ತಿರಬಹುದೆಂದು ಸೂಚಿಸಿದವನು ಪಾಶ್ಚರ್ ಸಂಸ್ಥೆಯ ಆಂಡ್ರೆ ಲ್ವೋಫ್. ಮೊನೊ ಆ ವರ್ಷಗಳಲ್ಲಿ ಫ್ರೆಂಚ್ ಪ್ರತಿರೋಧ ಚಳವಳಿಯಲ್ಲಿ ಗುಪ್ತವಾಗಿ ದುಡಿಯುತ್ತಿದ್ದನು. ಜಾಕೋಬ್ ವೈದ್ಯಕೀಯ ವ್ಯಾಸಂಗವನ್ನು ಅರ್ಧಕ್ಕೆ ಬಿಟ್ಟು ಸ್ವತಂತ್ರ ಫ್ರೆಂಚ್ ಪಡೆಯನ್ನು ಸೇರಿ, 1944ರ ಆಗಸ್ಟಿನಲ್ಲಿ ನಾರ್ಮಂಡಿಯಲ್ಲಿ ತೀವ್ರವಾಗಿ ಗಾಯಗೊಂಡನು. ಶಸ್ತ್ರವೈದ್ಯನಾಗುವ ಆಸೆ ಅಲ್ಲಿಗೆ ಮುಗಿಯಿತು. 1950ರಲ್ಲಿ ಲ್ವೋಫನ ಪ್ರಯೋಗಾಲಯವನ್ನು ಸೇರಿದಾಗ ಅವನಿಗೆ ಸಂಶೋಧನೆಯ ಅನುಭವ ಹೆಚ್ಚಿರಲಿಲ್ಲ.

ಸಕ್ಕರೆಯ ಅಣುವೇ ಅಚ್ಚಿನಂತೆ ವರ್ತಿಸಿ, ಕೋಶದಲ್ಲಿ ಮೊದಲೇ ಇದ್ದ ಯಾವುದೋ ಪ್ರೋಟೀನಿಗೆ ಕಿಣ್ವದ ರೂಪ ಕೊಡುತ್ತದೆಂಬ ಅಭಿಪ್ರಾಯ ಆಗ ಪ್ರಚಲಿತವಾಗಿತ್ತು. ಎರಡು ಬಗೆಯ ಪ್ರಯೋಗಗಳು ಅದನ್ನು ಅಲ್ಲಗಳೆದವು. ಕಿಣ್ವ ಒಡೆಯಲಾರದ ಕೆಲವು ವಸ್ತುಗಳು ಉತ್ತಮ ಪ್ರೇರಕಗಳಾಗಿದ್ದವು, ಒಡೆಯಬಲ್ಲ ಕೆಲವು ವಸ್ತುಗಳು ಪ್ರೇರಕಗಳಾಗಿರಲಿಲ್ಲ. ವಿಕಿರಣಶೀಲ ಗಂಧಕದಿಂದ ಗುರುತು ಮಾಡಿದ ಬ್ಯಾಕ್ಟೀರಿಯಾಗಳ ಮೇಲೆ ಹೋಗ್ನೆಸ್, ಕೋನ್ ಮತ್ತು ಮೊನೊ 1955ರಲ್ಲಿ ಪ್ರಕಟಿಸಿದ ಪ್ರಯೋಗವು, ಕಿಣ್ವವು ಹಳೆಯ ಪ್ರೋಟೀನಿನ ಮಾರ್ಪಾಡಲ್ಲ, ಅಮೈನೋ ಆಮ್ಲಗಳಿಂದ ಹೊಸದಾಗಿ ಕಟ್ಟಿದ್ದು ಎಂದು ಸ್ಪಷ್ಟಪಡಿಸಿತು. ಹಾಗಾದರೆ ಪ್ರೇರಕವು ಏನನ್ನು ಪ್ರೇರೇಪಿಸುತ್ತದೆ?

ಅಮೆರಿಕದಿಂದ ಬಂದಿದ್ದ ಆರ್ಥರ್ ಪಾರ್ಡಿಯೊಡನೆ ಜಾಕೋಬ್ ಮತ್ತು ಮೊನೊ ನಡೆಸಿದ ಪ್ರಯೋಗ ಇದಕ್ಕೆ ದಾರಿ ತೋರಿಸಿತು. ಮೂವರ ಹೆಸರಿನ ಮೊದಲ ಅಕ್ಷರಗಳನ್ನು ಸೇರಿಸಿ ಇದನ್ನು ಪಜಾಮೊ ಪ್ರಯೋಗವೆಂದೂ, ತಮಾಷೆಗೆ ಪೈಜಾಮ ಪ್ರಯೋಗವೆಂದೂ ಕರೆಯುತ್ತಾರೆ. ಲ್ಯಾಕ್-ಐ ಕೆಟ್ಟುಹೋದ ತಳಿಗಳಲ್ಲಿ ಪ್ರೇರಕವಿಲ್ಲದೆಯೂ ಕಿಣ್ವ ಸದಾ ತಯಾರಾಗುತ್ತಿತ್ತು. ಇಂತಹ ತಳಿಗಳು ಒಳಗೇ ಒಂದು ಪ್ರೇರಕವನ್ನು ತಯಾರಿಸಿಕೊಳ್ಳುತ್ತಿರಬೇಕೆಂದು ಮೊನೊ ನಂಬಿದ್ದನು. ಅದನ್ನು ಪರೀಕ್ಷಿಸಲು, ಲ್ಯಾಕ್-ಐ ಮತ್ತು ಲ್ಯಾಕ್-ಝಡ್ ಎರಡೂ ಸರಿಯಿರುವ ಬ್ಯಾಕ್ಟೀರಿಯಾದಿಂದ ಎರಡೂ ಕೆಟ್ಟಿರುವ ಬ್ಯಾಕ್ಟೀರಿಯಾಕ್ಕೆ ಡಿಎನ್‌ಎ ಸಾಗುವಂತೆ ಮಾಡಲಾಯಿತು. ವಂಶವಾಹಿಗಳು ಒಳಹೊಕ್ಕ ಕೆಲವೇ ನಿಮಿಷಗಳಲ್ಲಿ, ಪ್ರೇರಕವಿಲ್ಲದೆಯೇ, ಕಿಣ್ವ ಕಾಣಿಸಿಕೊಂಡಿತು. ಆದರೆ ಒಂದು ಗಂಟೆಗೂ ಹೆಚ್ಚು ಕಾಲ ಕಳೆದ ಬಳಿಕ ತಯಾರಿ ನಿಂತಿತು. ಆಮೇಲೆ ಪ್ರೇರಕವನ್ನು ಸೇರಿಸಿದರೆ ಮಾತ್ರ ಮತ್ತೆ ಆರಂಭವಾಯಿತು. ಕೆಟ್ಟ ತಳಿಯಲ್ಲಿ ಆಂತರಿಕ ಪ್ರೇರಕ ಇದ್ದಿದ್ದರೆ ತಯಾರಿ ನಿಲ್ಲಬಾರದಿತ್ತು. ಸರಿಯಾದ ಲ್ಯಾಕ್-ಐ ವಂಶವಾಹಿಯು ಏನನ್ನೋ ಉತ್ಪಾದಿಸಿ ಕೋಶದೊಳಗೆ ಹರಡುತ್ತದೆ, ಅದು ಸಾಕಷ್ಟು ಶೇಖರವಾದಾಗ ತಡೆಯೊಡ್ಡುತ್ತದೆ ಎಂಬುದೇ ಹೊಂದಿಕೆಯಾಗುವ ಅರ್ಥ. ಪ್ರೇರಕವು ತಡೆಯನ್ನು ತೆಗೆಯುತ್ತದೆ, ಅಷ್ಟೆ. ಭೌತವಿಜ್ಞಾನಿ ಲಿಯೋ ಸಿಲಾರ್ಡ್ ಇದೇ ಬಗೆಯ ಯೋಚನೆಯನ್ನು ಮೊನೊನ ಮುಂದಿಟ್ಟಿದ್ದನು. ಹಲವು ವರ್ಷ ಕಟ್ಟಿಕೊಂಡಿದ್ದ ತನ್ನ ಅಭಿಪ್ರಾಯವನ್ನು ಮೊನೊ ಇಲ್ಲಿ ಬಿಟ್ಟುಕೊಡಬೇಕಾಯಿತು.

ಜಾಕೋಬ್ ಬ್ಯಾಕ್ಟೀರಿಯಾಗಳನ್ನು ಆಕ್ರಮಿಸುವ ಲ್ಯಾಂಡಾ ಎಂಬ ವೈರಸಿನ ಮೇಲೆ ಬೇರೆಯಾಗಿಯೇ ಕೆಲಸ ಮಾಡುತ್ತಿದ್ದನು. ಈ ವೈರಸ್ ಬ್ಯಾಕ್ಟೀರಿಯಾದ ಡಿಎನ್‌ಎಯೊಳಗೆ ಸೇರಿ ಬಹುಕಾಲ ಸುಪ್ತವಾಗಿದ್ದು, ಒಮ್ಮೆಲೆ ಎಚ್ಚೆತ್ತು ಕೋಶವನ್ನು ಒಡೆದು ಹೊರಬರುತ್ತದೆ. 1958ರ ಬೇಸಿಗೆಯಲ್ಲಿ ಪ್ಯಾರಿಸಿನ ಚಿತ್ರಮಂದಿರವೊಂದರಲ್ಲಿ ಕುಳಿತಿದ್ದಾಗ, ಸುಪ್ತ ವೈರಸಿನ ತಡೆಯೂ ಲ್ಯಾಕ್ಟೋಸ್ ಕಿಣ್ವದ ತಡೆಯೂ ಒಂದೇ ಬಗೆಯವು, ಎರಡರಲ್ಲೂ ತಡೆ ಬೀಳುವುದು ನೇರವಾಗಿ ಡಿಎನ್‌ಎಯ ಮೇಲೆ ಎಂಬ ಯೋಚನೆ ತನಗೆ ಹೊಳೆಯಿತೆಂದು ಅವನು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾನೆ. ತಡೆ ಡಿಎನ್‌ಎಯ ಮೇಲೆಯೇ ಬೀಳುವುದಾದರೆ ಅದು ಬೀಳುವ ಜಾಗವೊಂದು ಇರಬೇಕು. ಅಂತಹ ಜಾಗ ಕೆಟ್ಟ ತಳಿಗಳು ಹುಡುಕಿದಾಗ ದೊರೆತವು.

ಈ ತಳಿಗಳ ವರ್ತನೆಯೇ ಸಿದ್ಧಾಂತದ ತಿರುಳು. ಒಂದು ಕೋಶದಲ್ಲಿ ಲ್ಯಾಕ್ ಭಾಗದ ಎರಡು ಪ್ರತಿಗಳಿರುವಂತೆ ಮಾಡಬಹುದು. ಒಂದು ಪ್ರತಿಯಲ್ಲಿ ಲ್ಯಾಕ್-ಐ ಕೆಟ್ಟಿದ್ದರೂ ಇನ್ನೊಂದರ ದಮನಕವು ಕೋಶದಲ್ಲೆಲ್ಲ ಸಂಚರಿಸಿ ಎರಡನ್ನೂ ಮುಚ್ಚುತ್ತದೆ. ಆಪರೇಟರ್ ಕೆಟ್ಟಿದ್ದರೆ ಹಾಗಲ್ಲ. ಆ ಆಪರೇಟರಿಗೆ ಹೊಂದಿಕೊಂಡಿರುವ ವಂಶವಾಹಿಗಳಷ್ಟೇ ಸದಾ ತೆರೆದಿರುತ್ತವೆ, ಇನ್ನೊಂದು ಪ್ರತಿಯ ಒಳ್ಳೆಯ ಆಪರೇಟರ್ ಅವುಗಳಿಗೆ ನೆರವಾಗದು. ಸಂಚರಿಸುವುದು ಪದಾರ್ಥ, ಸಂಚರಿಸದೆ ಇರುವುದು ತಾಣ. ಲ್ಯಾಕ್-ಐಯ ಮೂರನೆಯ ಬಗೆಯ ತಳಿಯೂ ಇದೆ. ಅದರ ದಮನಕ ಡಿಎನ್‌ಎಯನ್ನು ಹಿಡಿಯುತ್ತದೆ, ಪ್ರೇರಕವನ್ನು ಗುರುತಿಸುವುದಿಲ್ಲ. ಲ್ಯಾಕ್ಟೋಸ್ ಎಷ್ಟಿದ್ದರೂ ಬಾಗಿಲು ತೆರೆಯದು. ಪರೀಕ್ಷೆಗಳಲ್ಲಿ ಕೇಳುವ ಲ್ಯಾಕ್ ಒಪೆರಾನಿನ ಲೆಕ್ಕಗಳೆಲ್ಲ ಈ ಒಂದು ವ್ಯತ್ಯಾಸವನ್ನು ಹಿಡಿದರೆ ಬಿಡಿಸಬಹುದಾದವು.

ಒಪೆರಾನ್ ಎಂಬ ಪದವನ್ನು ಜಾಕೋಬ್, ಡೇವಿಡ್ ಪೆರಾ, ಕಾರ್ಮೆನ್ ಸಾಂಚೆಸ್ ಮತ್ತು ಮೊನೊ 1960ರ ಕಿರುಲೇಖನದಲ್ಲಿ ಮೊದಲು ಬಳಸಿದರು. ಮರುವರ್ಷದ ವಿಸ್ತಾರವಾದ ಲೇಖನ ಸಂದೇಶವಾಹಕ ಆರ್‌ಎನ್‌ಎಯ ಕಲ್ಪನೆಯನ್ನೂ ಮುಂದಿಟ್ಟಿತು. ಜಾಕೋಬ್, ಮೊನೊ ಮತ್ತು ಲ್ವೋಫ್ ಮೂವರಿಗೂ 1965ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು. ಆ ಹೊತ್ತಿಗೆ ದಮನಕವನ್ನು ಯಾರೂ ಬೇರ್ಪಡಿಸಿ ಕಂಡಿರಲಿಲ್ಲ. ಅದು ಆರ್‌ಎನ್‌ಎ ಆಗಿರಬಹುದೆಂದು 1961ರ ಲೇಖನ ಊಹಿಸಿತ್ತು. ಊಹೆ ತಪ್ಪಾಗಿತ್ತು. ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲ್ಟರ್ ಗಿಲ್ಬರ್ಟ್ ಮತ್ತು ಬೆನ್ನೊ ಮ್ಯುಲ್ಲರ್-ಹಿಲ್ 1966ರಲ್ಲಿ, ವಿಕಿರಣಶೀಲ ಪ್ರೇರಕವನ್ನು ಯಾವ ಪದಾರ್ಥ ಹಿಡಿದಿಟ್ಟುಕೊಳ್ಳುತ್ತದೆ ಎಂಬ ಜಾಡು ಹಿಡಿದು ದಮನಕವನ್ನು ಬೇರ್ಪಡಿಸಿದರು. ಅದು ಪ್ರೋಟೀನಾಗಿತ್ತು. ಮರುವರ್ಷ ಅದೇ ಹಾರ್ವರ್ಡಿನಲ್ಲಿ ಮಾರ್ಕ್ ಟಾಶ್ನಿ ಲ್ಯಾಂಡಾ ವೈರಸಿನ ದಮನಕವನ್ನೂ ಬೇರ್ಪಡಿಸಿದನು. ಗಿಲ್ಬರ್ಟ್ ಮತ್ತು ಆಲನ್ ಮ್ಯಾಕ್ಸಮ್ 1973ರಲ್ಲಿ ಲ್ಯಾಕ್ ಆಪರೇಟರಿನ ಅಕ್ಷರಕ್ರಮವನ್ನು ಪ್ರಕಟಿಸಿದರು. ಇಡೀ ದಮನಕದ ಮೂರು ಆಯಾಮದ ರಚನೆ ತಿಳಿದದ್ದು 1996ರಲ್ಲಿ.

ತಡೆಯೇ ಏಕೈಕ ಮಾರ್ಗವೇ?

ಲ್ಯಾಕ್ ಒಪೆರಾನಿನ ಯಶಸ್ಸಿನಿಂದ ಒಂದು ತೊಂದರೆಯೂ ಆಯಿತು. ಎಲ್ಲ ನಿಯಂತ್ರಣವೂ ತಡೆಯ ಮೂಲಕವೇ ನಡೆಯುತ್ತದೆಂಬ ನಂಬಿಕೆ ಬೇರೂರಿತು. ಎಲಿಸ್ ಎಂಗಲ್ಸ್‌ಬರ್ಗ್ ಅರಬಿನೋಸ್ ಎಂಬ ಸಸ್ಯಮೂಲದ ಸಕ್ಕರೆಯ ವಂಶವಾಹಿಗಳನ್ನು ಅಭ್ಯಾಸ ಮಾಡಿ, ಅವುಗಳ ನಿಯಂತ್ರಕ ವಂಶವಾಹಿಯನ್ನು ಪೂರ್ತಿ ಅಳಿಸಿದರೆ ಅವು ತೆರೆಯುವುದೇ ಇಲ್ಲವೆಂದು 1960ರ ದಶಕದಲ್ಲಿ ತೋರಿಸಿದನು. ಅದು ಕೇವಲ ದಮನಕವಾಗಿದ್ದರೆ, ಅಳಿಸಿದಾಗ ಅವು ಸದಾ ತೆರೆದಿರಬೇಕಿತ್ತು. ತರ್ಕ ಸರಳವಾಗಿದ್ದರೂ ವಿಜ್ಞಾನಿಗಳು ಇದನ್ನು ಒಪ್ಪಲು ವರ್ಷಗಳೇ ಹಿಡಿದವು. ಸಿಎಪಿ ಪ್ರೋಟೀನು 1970ರ ಸುಮಾರಿಗೆ ಪತ್ತೆಯಾದಾಗ, ತಡೆಯ ಮಾದರಿಯೆನಿಸಿದ ಲ್ಯಾಕ್ ಒಪೆರಾನಿನಲ್ಲಿಯೇ ಉತ್ತೇಜಕವೂ ಇದೆಯೆಂಬುದು ಬೆಳಕಿಗೆ ಬಂದಿತು. ಅರಬಿನೋಸಿನ ನಿಯಂತ್ರಕ ಪ್ರೋಟೀನು ಸಕ್ಕರೆ ಇಲ್ಲದಾಗ ಡಿಎನ್‌ಎಯನ್ನು ಕುಣಿಕೆ ಮಾಡಿ ತಡೆಯುತ್ತದೆ, ಸಕ್ಕರೆ ಬಂದಾಗ ಅದೇ ಪ್ರೋಟೀನು ಉತ್ತೇಜಕವಾಗುತ್ತದೆ.

ಇ. ಕೋಲಿಯ ಟ್ರಿಪ್ಟೊಫಾನ್ ಒಪೆರಾನ್ ಇನ್ನೊಂದು ಬಗೆಯದು. ಟ್ರಿಪ್ಟೊಫಾನ್ ಅಮೈನೋ ಆಮ್ಲವನ್ನು ತಯಾರಿಸುವ ಐದು ವಂಶವಾಹಿಗಳು ಇದರಲ್ಲಿವೆ. ತಯಾರಾದ ಪದಾರ್ಥವೇ ದಮನಕಕ್ಕೆ ಕೂಡಿಕೊಂಡು ಅದಕ್ಕೆ ಡಿಎನ್‌ಎ ಹಿಡಿಯುವ ಶಕ್ತಿ ಕೊಡುತ್ತದೆ. ಲ್ಯಾಕ್ಟೋಸ್ ಬಂದರೆ ಬಾಗಿಲು ತೆರೆಯುತ್ತದೆ, ಟ್ರಿಪ್ಟೊಫಾನ್ ತುಂಬಿದರೆ ಬಾಗಿಲು ಮುಚ್ಚುತ್ತದೆ.

ಬಳಕೆ

ಆಸ್ಪತ್ರೆಯ ಪ್ರಯೋಗಾಲಯಗಳಲ್ಲಿ ಮ್ಯಾಕ್‌ಕಾಂಕಿ ಅಗಾರ್ ಎಂಬ ಪೋಷಕ ಮಾಧ್ಯಮದಲ್ಲಿ ಲ್ಯಾಕ್ಟೋಸನ್ನು ಬಳಸುವ ಇ. ಕೋಲಿ ಗುಲಾಬಿ ಬಣ್ಣದ ಚುಕ್ಕೆಗಳಾಗಿ ಬೆಳೆಯುತ್ತದೆ. ಟೈಫಾಯಿಡ್ ತರುವ ಸಾಲ್ಮೊನೆಲ್ಲಾ ಮತ್ತು ಆಮಶಂಕೆ ತರುವ ಶಿಗೆಲ್ಲಾ ಬಣ್ಣವಿಲ್ಲದೆ ಉಳಿಯುತ್ತವೆ. ಕುಡಿಯುವ ನೀರಿನಲ್ಲಿ ಕೋಲಿಫಾರ್ಮ್ ಬ್ಯಾಕ್ಟೀರಿಯಾ ಇದೆಯೇ ಎಂದು ತಿಳಿಯಲು, ಬೀಟಾ-ಗ್ಯಾಲಕ್ಟೊಸೈಡೇಸ್ ಒಡೆದಾಗ ಹಳದಿ ಬಣ್ಣ ಬಿಡುವ ಪದಾರ್ಥವನ್ನು ಬೆರೆಸುವ ಪರೀಕ್ಷೆಯೂ ರೂಢಿಯಲ್ಲಿದೆ.

ಜೈವಿಕ ತಂತ್ರಜ್ಞಾನದಲ್ಲಿ ಐಪಿಟಿಜಿ ಎಂಬ ಕೃತಕ ಪ್ರೇರಕ ನಿತ್ಯದ ಬಳಕೆಯ ವಸ್ತು. ಕಿಣ್ವವು ಅದನ್ನು ಒಡೆಯಲಾರದಾದ್ದರಿಂದ ಒಮ್ಮೆ ಹಾಕಿದರೆ ಪ್ರಭಾವ ಉಳಿಯುತ್ತದೆ. ಬೇಕಾದ ಯಾವುದೇ ವಂಶವಾಹಿಯನ್ನು ಲ್ಯಾಕ್ ಪ್ರಮೋಟರ್ ಮತ್ತು ಆಪರೇಟರಿನ ಮುಂದೆ ಜೋಡಿಸಿ, ಬ್ಯಾಕ್ಟೀರಿಯಾಗಳು ಸಾಕಷ್ಟು ಬೆಳೆದ ಮೇಲೆ ಐಪಿಟಿಜಿ ಸೇರಿಸಿ ಪ್ರೋಟೀನನ್ನು ತಯಾರಿಸಿಕೊಳ್ಳಬಹುದು. ಮನುಷ್ಯನ ಹಾರ್ಮೋನಾದ ಸೊಮ್ಯಾಟೊಸ್ಟಾಟಿನ್ 1977ರಲ್ಲಿ ಮೊದಲ ಬಾರಿಗೆ ಬ್ಯಾಕ್ಟೀರಿಯಾದಲ್ಲಿ ತಯಾರಾದದ್ದು ಲ್ಯಾಕ್ ಒಪೆರಾನಿನ ಹತೋಟಿಯಲ್ಲಿಯೇ. ಮರುವರ್ಷ ಇನ್ಸುಲಿನ್ ಕೂಡ ಇದೇ ಬಗೆಯಲ್ಲಿ ತಯಾರಾಯಿತು. ಬ್ಯಾಕ್ಟೀರಿಯಾದಲ್ಲಿ ತಯಾರಿಸಿದ ಮಾನವ ಇನ್ಸುಲಿನ್ 1982ರಲ್ಲಿ ಅಮೆರಿಕದಲ್ಲಿ ಮಾರಾಟದ ಅನುಮತಿ ಪಡೆಯಿತು.

ಇದೇ ತತ್ತ್ವ ರೋಗಾಣುಗಳಿಗೂ ಅನುಕೂಲ ಮಾಡಿಕೊಟ್ಟಿದೆ. ಟೆಟ್ರಾಸೈಕ್ಲಿನ್ ಔಷಧಿಗೆ ಪ್ರತಿರೋಧ ಬೆಳೆಸಿಕೊಂಡ ಹಲವು ಬ್ಯಾಕ್ಟೀರಿಯಾಗಳಲ್ಲಿ ಔಷಧಿಯನ್ನು ಹೊರದೂಡುವ ಪಂಪಿನ ವಂಶವಾಹಿಯನ್ನು ಟೆಟ್-ಆರ್ ಎಂಬ ದಮನಕ ಮುಚ್ಚಿಟ್ಟಿರುತ್ತದೆ. ಪಂಪು ಅನಗತ್ಯವಾಗಿ ಹೆಚ್ಚಾದರೆ ಕೋಶಕ್ಕೇ ಹಾನಿ. ಔಷಧಿಯ ಅಣು ಒಳಬಂದು ದಮನಕಕ್ಕೆ ಅಂಟಿಕೊಂಡಾಗ ಅದು ಡಿಎನ್‌ಎಯನ್ನು ಬಿಡುತ್ತದೆ, ಪಂಪು ತಯಾರಾಗುತ್ತದೆ, ಔಷಧಿ ತನ್ನ ಕೆಲಸ ಮಾಡುವ ಮುನ್ನವೇ ಹೊರಬೀಳುತ್ತದೆ.